ಕೊಂಡವರ ಎಚ್ಚರಕ್ಕೆ

ಯರಗುಪ್ಪಿ
೯ ಜೂನ್ ೨೦೨೫

ಪ್ರೀತಿಯ ಮುಸರತ್,

ಕ್ಷೇಮ ಕೇಳುವಷ್ಟು ಪುರುಸೊತ್ತಿಲ್ಲ. ಕಾಶಿನಾಥಣ್ಣ ನನ್ನ ಫೋನ್ ಕಿತ್ತುಕೊಂಡಿದ್ದಾನೆ, ನಿನ್ನ ನಂಬರು ಅದರಲ್ಲೇ ಇದೆ. ಹೊಸ್ತಿಲು ದಾಟಲೂ ಬಿಡುತ್ತಿಲ್ಲ. ಪಕ್ಕದ ಮನೆಯ ಶಾರದವ್ವ ಈ ಪತ್ರವನ್ನು ಸಂಜೆಯ ಬಸ್ಸಿಗೆ ನಿಮ್ಮೂರು ಶಲವಡಿಗೆ ಕಳಿಸುತ್ತಾಳೆ.

ಹೋದ ವಾರ ನಿನ್ನ ಗಂಡ ಸರ್ಫರಾಜ್ ನಮ್ಮ ಅಪ್ಪನಿಂದ ಕೊಂಡೊಯ್ದ ಎತ್ತಿಗೆ ಗೆಜ್ಜೆ ಕಟ್ಟಬೇಡಿ. ನಾಡಿದ್ದು ಕಾರಹುಣ್ಣಿವೆ. ಊರಿನ ಎತ್ತುಗಳೆಲ್ಲ ಸಿಂಗಾರಗೊಂಡರೂ ಅದು ಬರಿಗೊರಳಲ್ಲೇ ಇರಲಿ.

ಎತ್ತು ಮಾರಿದರೂ ಗೆಜ್ಜೆಸರವನ್ನು ಮನೆಯಲ್ಲೇ ಉಳಿಸಿಕೊಳ್ಳುವುದು ನಮ್ಮ ಪದ್ಧತಿ. ಹಾಗಾಗಿ ಸರ್ಫರಾಜ್‌ಗೆ ಸಂಶಯ ಬರಲಿಲ್ಲ. ನಮ್ಮ ಆಳು ಮೈಲಾರಪ್ಪ ಚಕ್ಕಡಿಯಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡ ಎಂದು ಅಪ್ಪ ಊರಿಗೆಲ್ಲ ಹೇಳಿದ್ದ, ಅವ್ವನಿಗೂ. ನಿನ್ನೆ ಹಾಸಿಗೆಯಲ್ಲಿದ್ದ ಮೈಲಾರಪ್ಪನೇ ನಿಜ ಹೇಳಿದ: "ಗೆಜ್ಜಿ ಸಪ್ಪಳಾ ಕೇಳಿದ್ರ ಅದಕ್ಕ ಹುಚ್ಚ ಹಿಡೀತೈತಿ, ತಂಗೀ. ಕೋಡಿಲೇ ಎತ್ತಿ ಒಗೀತು ನನ್ನ."

ಮನೆಗೆ ಬಂದು, ಅವ್ವ ಗುಡಿಗೆ ಹೋಗಿದ್ದ ಹೊತ್ತಿನಲ್ಲಿ, ಜಗಳ ತೆಗೆದೆ. ಅಣ್ಣ ಹುಬ್ಬಳ್ಳಿಯಲ್ಲಿ ಕಾನೂನು ಓದುವವನಲ್ಲವೇ, ನಕ್ಕುಬಿಟ್ಟ. "ಅಂವ ಹಲ್ಲ ನೋಡ್ಯಾನ, ಸುಳಿ ನೋಡ್ಯಾನ, ಹೂಡಿ ನೋಡ್ಯಾನ. ಕೇವಿಯಟ್ ಎಂಪ್ಟರ್! ಲ್ಯಾಟಿನ್ ಐತಿ ಬೇ, ನಿನ್ನ ಹತ್ತು ರೂಪಾಯಿ ಪುಸ್ತಕದಾಗ ಸಿಗಂಗಿಲ್ಲ."

ಸಿಕ್ಕಿತು, ಮುಸರತ್. ಗ್ರಾಹಕರ ಹಕ್ಕಿನ ಕಿರುಹೊತ್ತಿಗೆಯಲ್ಲೇ ಇದೆ. 'ಕೊಳ್ಳುವವನು ಎಚ್ಚರದಿಂದಿರಲಿ' ಎಂದು ಅರ್ಥ. ಭಾಷೆ ರೋಮನರದು, ಬಳಸಿದವರು ಇಂಗ್ಲೆಂಡಿನವರು. ಸುಮಾರು ಐದು ನೂರು ವರ್ಷಗಳ ಹಿಂದೆ, ಅದೂ ಕುದುರೆ ವ್ಯಾಪಾರಕ್ಕೆ. ಪಳಗಿದ ಕುದುರೆ ಕಣ್ಣೆದುರಿಗೇ ಇತ್ತಲ್ಲ, ಮುಂದಿನದು ಕೊಂಡವನ ಹಣೆಬರಹ ಎಂದು. ಆದರೆ ಮಾರುವವನು ಗೊತ್ತಿದ್ದೂ ಮುಚ್ಚಿಟ್ಟರೆ ಅದು ಮೋಸ, ಅಲ್ಲಿ ಈ ಮಾತು ನಡೆಯದು ಎಂದೂ ಅದೇ ಪುಟದಲ್ಲಿದೆ. ಅದನ್ನು ಗಟ್ಟಿಯಾಗಿ ಓದಿದ್ದಕ್ಕೇ ನನ್ನ ಫೋನ್ ಹೋಯಿತು.

ಎಲ್ಲ ಎಚ್ಚರವೂ ಏನೂ ಗೊತ್ತಿಲ್ಲದವರ ತಲೆಯ ಮೇಲೇ ಏಕೆ? ಎತ್ತನ್ನು ಮರಳಿಸಿ. ಹಿರಿಯರ ಮುಂದೆ ಅಪ್ಪನ ಎದುರು ನಿಂತು ನಾನೇ ಸಾಕ್ಷಿ ಹೇಳುತ್ತೇನೆ. ನೀನು ಕಳಿಸಿದ ಫೋಟೊದಲ್ಲಿ ನಿನ್ನ ಮಗಳು ಅದರ ಕೊರಳು ತಬ್ಬಿ ನಿಂತಿದ್ದಾಳೆ. ಕಣ್ಣು ಮುಚ್ಚಿದರೂ ಅದೇ ಕಾಣುತ್ತಿದೆ.

ನಿನ್ನ,
ಸೌಂದರ್ಯಾ

ತಾ.ಕ.: ಪತ್ರ ಮಡಿಚುವಾಗ ಗೋಡೆಯ ಗೂಟದತ್ತ ನೋಡಿದೆ. ಗೆಜ್ಜೆಸರ ಇಲ್ಲ. ಅವ್ವನನ್ನು ಕೇಳಿದೆ. "ಹಬ್ಬದಾಗ ಪಾಪ ಬರೇ ಕೊಳ್ಳಾಗ ನಿಂದರ್ತೈತಲ್ಲ ಅಂತ ಮುಸರತ್‌ಗ ಕಳಿಸೀನಿ. ಮುಂಜಾನಿ ಬಸ್ಸಿಗೇ ಹೋತು. ಮಗಳ ಕೈಲೇ ಕಟ್ಟಸು ಅಂತ ಹೇಳೀನಿ" ಎಂದಳು.