ದೊಡ್ಡಮ್ಮನ ಹಿಂಬಾಗಿಲು

ಕಾಲೇಜು ಹಾಸ್ಟೆಲ್, ಮೂರನೇ ಮಹಡಿ
ಮಂಗಳವಾರ, ಹನ್ನೊಂದನೇ ತಾರೀಖು, ಸಂಜೆ ಐದು ಗಂಟೆ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಸುರಂಗದೊಳಗೆ ಅಳತೆ ತೆಗೆಯಲು ಹೋಗುವಾಗ ಮಾಸ್ಕನ್ನು ಮೂಗಿಗೆ ಹಾಕಿಕೊಳ್ಳುತ್ತೀಯೋ, ಇಲ್ಲ ಗದ್ದಕ್ಕೆ ನೇತುಹಾಕಿಕೊಂಡು ಓಡಾಡುತ್ತೀಯೋ? ಅಮ್ಮ ಕೊಟ್ಟ ಮಫ್ಲರ್ ಪೆಟ್ಟಿಗೆಯಿಂದ ಹೊರಗೆ ಬಂದಿದೆಯೇ? ನಾನು ಚೆನ್ನಾಗಿದ್ದೇನೆ. ಅಂದರೆ ಜ್ವರ ಗಿರ ಏನೂ ಇಲ್ಲ. ಊಟ ಸೇರುತ್ತಿಲ್ಲ, ಲೆಕ್ಚರರ್ ನನ್ನ ಹೆಸರು ಕರೆದರೆ ಸಿಕ್ಕಿಬಿದ್ದ ಕಳ್ಳಿಯ ಹಾಗೆ ಎದ್ದು ನಿಲ್ಲುತ್ತೇನೆ, ಅಷ್ಟು ಬಿಟ್ಟರೆ ಚೆನ್ನಾಗಿದ್ದೇನೆ. ನನ್ನ ಕನ್ನಡ ನೋಡಿ ನಗಬೇಡ. ಹತ್ತು ವರ್ಷ ಇಂಗ್ಲಿಷ್ ಹಾಸ್ಟೆಲಿನಲ್ಲಿ ಬಿಟ್ಟು, ಈಗ ನೆಟ್ಟಗೆ ಪತ್ರ ಬರಿ ಅಂದರೆ ಎಲ್ಲಿಂದ ತರಲಿ?

ದೊಡ್ಡಮ್ಮ ಹೋದಳು ಅಪ್ಪಾ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ, ಹೊಗೆ ಬಿಡುತ್ತಾ, ಗೇಟಿನ ಕಂಬಕ್ಕೆ ಒಂದು ಸಲ ಸವರಿಕೊಂಡೇ ಹೋದಳು. ನೀನು ಇಪ್ಪತ್ತೆರಡು ವರ್ಷ ಓಡಿಸಿದ ಆ ಉದ್ದ ಬೆನ್ನಿನ ಎಸ್ಟೇಟ್ ಕಾರಿಗೆ ದೊಡ್ಡಮ್ಮ ಅಂತ ಹೆಸರಿಟ್ಟವನು ನೀನೇ. ಹಿಂಭಾಗ ದೊಡ್ಡದು, ನಡಿಗೆ ನಿಧಾನ, ಎಷ್ಟು ಜನ ತುಂಬಿದರೂ ಇನ್ನಿಬ್ಬರು ಬನ್ನಿ ಅನ್ನುವ ಸ್ವಭಾವ ಅನ್ನುತ್ತಿದ್ದೆ. ಮನೆ ಮಾಲೀಕರು ಶೆಡ್ ಕೆಡವುತ್ತೇವೆ ಅಂದಮೇಲೆ ಬೀದಿಯಲ್ಲಿ ನಿಲ್ಲಿಸಿ ತುಕ್ಕು ಹಿಡಿಸುವುದಕ್ಕಿಂತ ಇದೇ ಒಳ್ಳೆಯದು, ನನಗೂ ಗೊತ್ತು. ಆದರೆ ಮೊದಲೇ ಹೇಳಿಬಿಡುತ್ತೇನೆ, ನನಗೆ ತುಂಬಾ ಭಯವಾಗಿದೆ. ಹತ್ತು ವರ್ಷದಿಂದ ಅವಳ ಹಿಂಬಾಗಿಲನ್ನು ಒಳಗಿನ ಕೊಕ್ಕೆಗೆ ಬಿಗಿದಿಟ್ಟಿದ್ದ ನಿನ್ನ ಹಳೇ ಕಂದು ಬೆಲ್ಟು ಈಗ ನನ್ನ ಬ್ಯಾಗಿನ ತಳದಲ್ಲಿದೆ. ಕಾರು ಅವರ ಮನೆಯಲ್ಲಿದೆ. ಅವರಿಗೆ ಆರು ವರ್ಷದ ಅವಳಿ ಹೆಣ್ಣುಮಕ್ಕಳಿದ್ದಾರೆ. ಆ ಬೆಲ್ಟು ಯಾಕಿತ್ತು ಅಂತ ನಾನು ಅವರಿಗೆ ಹೇಳಲಿಲ್ಲ.

ಕೊಂಡವರು ಒಳ್ಳೆಯವರು, ಅದೇ ಕಷ್ಟ. ಹೆಂಡತಿ ಹಲ್ಲಿನ ಡಾಕ್ಟರು, ಗಂಡ ಗಡಿಯಾರ ರಿಪೇರಿಯವರು, ಇಬ್ಬರಿಗೂ ಹಳೇ ಕಾರಿನ ಹುಚ್ಚು. ಎರಡು ವರ್ಷದಿಂದ ಬಂದವರನ್ನೆಲ್ಲ "ಇವ್ರ ಕೈಗೆ ಕೊಡಲ್ಲ" ಎಂದು ಓಡಿಸಿದ ನೀನು, ಇವರನ್ನು ಮಾತ್ರ ಮುಖ ನೋಡದೆ ಪತ್ರದಲ್ಲೇ ಒಪ್ಪಿದ್ದು ಯಾಕೆ ಅಂತ ನೋಡಿದ ಕೂಡಲೇ ಗೊತ್ತಾಯಿತು. ಡಾಕ್ಟರು ನೆಲಕ್ಕೆ ಗೋಣಿಚೀಲ ಹಾಸಿಕೊಂಡು ಮಲಗಿ, ಬಾಯಿಯೊಳಗೆ ಇಟ್ಟು ನೋಡುವ ಆ ಪುಟ್ಟ ಕನ್ನಡಿ ಹಿಡಿದು ಬಾಗಿಲುಗಳ ಅಡಿಯನ್ನೆಲ್ಲ ನೋಡಿದರು. "ಇಲ್ಲೊಂದು ಹುಳುಕಿದೆ ರೀ. ಕೀಳೋದೇನೂ ಬೇಡ, ತುಂಬಿದ್ರೆ ಸಾಕು" ಅಂದರು. ಅವರ ಯಜಮಾನರು ಬಾನೆಟ್ಟಿಗೆ ಕಿವಿಯಿಟ್ಟು ಕಣ್ಣು ಮುಚ್ಚಿ ಐದು ನಿಮಿಷ ನಿಂತರು. ನಿದ್ದೆ ಹೋದರೇನೋ ಅಂದುಕೊಂಡೆ. "ಉಸಿರಾಟ ಚೆನ್ನಾಗಿದೆ, ಸ್ವಲ್ಪ ತಡವರಿಸ್ತಾಳೆ ಅಷ್ಟೆ" ಅಂದರು. ಅಮ್ಮ ನನ್ನ ಕಿವಿಯಲ್ಲಿ, "ನನ್ನ ಮಂಡಿನೋವಿಗೆ ಒಬ್ಬ ಡಾಕ್ಟ್ರೂ ಇಷ್ಟು ಹೊತ್ತು ಕೊಡಲಿಲ್ಲ ಕಣೇ" ಅಂದಳು. ನೀನಿದ್ದಿದ್ದರೆ ಅವತ್ತೇ ಅವರ ಜೊತೆ ಗೋಣಿಚೀಲದ ಮೇಲೆ ಮಲಗಿರುತ್ತಿದ್ದೆ. ನೀನಿದ್ದಿದ್ದರೆ ಬೆಲ್ಟಿನ ಮಾತನ್ನೂ ನೀನೇ ಹೇಗೋ ಸಂಭಾಳಿಸುತ್ತಿದ್ದೆ.

ಬೆಲ್ಟು ಹೇಗೆ ಬಿಚ್ಚಿತು ಅಂತ ಕೇಳು. ಶುಕ್ರವಾರ ಕಾರು ತೊಳೆಯುತ್ತಿದ್ದೆವು. ಅಮ್ಮ ಕಿಟಕಿಯ ಮೂಲೆಗಳನ್ನು ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜುತ್ತಿದ್ದವಳು ತಲೆಯೆತ್ತಿ, "ಆ ದರಿದ್ರ ಬೆಲ್ಟ್ ಮೊದ್ಲು ಕಿತ್ತು ಬಿಸಾಕು, ನೋಡಿದವರು ಏನಂದ್ಕೋತಾರೆ" ಅಂದಳು. ನೀನು ಅವಳಿಗೆ ಹೇಳಿದ್ದು ನೆನಪಿದೆಯಲ್ಲ, ಬಾಗಿಲು ಕಟಕಟ ಸದ್ದು ಮಾಡುತ್ತದೆ, ಅದಕ್ಕೆ ಕಟ್ಟಿದ್ದು ಅಂತ. ನಾನು "ಇರ್ಲಿ ಬಿಡಮ್ಮ" ಅಂದೆ. "ಯಾಕಿರ್ಲಿ?" ಅಂದಳು. ಆ ಯಾಕೆಗೆ ನನ್ನ ಹತ್ತಿರ ಒಂದೇ ಉತ್ತರವಿತ್ತು, ಅದನ್ನು ಹೇಳುವ ಹಾಗಿರಲಿಲ್ಲ. ಬಿಚ್ಚಿದೆ. ಬಿಸಾಡಲು ಕೈ ಬರಲಿಲ್ಲ, ಬ್ಯಾಗಿಗೆ ಹಾಕಿಕೊಂಡೆ. ನಾಳೆ ಹೇಗಾದರೂ ಅವರಿಗೆ ಒಂದು ಮಾತು ಹೇಳಿದರಾಯಿತು ಅಂದುಕೊಂಡೆ. ನಾಳೆ ಬಂದಾಗ ಅಮ್ಮ ಇಡೀ ಹೊತ್ತು ನನ್ನ ಪಕ್ಕದಲ್ಲೇ ನಿಂತಿದ್ದಳು.

ಅಪ್ಪಾ, ಅವತ್ತಿನ ವಿಷಯ ನಾವಿಬ್ಬರೂ ಆಮೇಲೆ ಒಂದು ಸಲವೂ ಮಾತಾಡಿಲ್ಲ. ನನಗೆ ಎಂಟು ವರ್ಷ. ಮೊದಲ ಸಲ ಹಾಸ್ಟೆಲಿಗೆ ಬಿಡಲು ನೀನು ನನ್ನನ್ನು ಕರೆದುಕೊಂಡು ಹೋಗುತ್ತಿದ್ದೆ. ಡಿಕ್ಕಿಯಲ್ಲಿ ಮಡಚಿಟ್ಟಿರುವ, ಹಿಂದಕ್ಕೆ ಮುಖ ಮಾಡಿದ ಆ ಪುಟ್ಟ ಸೀಟನ್ನು ಬಿಡಿಸಿ ನಾನು ಕೂತಿದ್ದೆ, ಗೇಟಿನ ಹತ್ತಿರ ನಿಂತ ಅಮ್ಮ ಕಾಣುವಷ್ಟು ದೂರ ಕಾಣಲಿ ಅಂತ. ರೈಲು ಸೇತುವೆಯ ಏರಿನಲ್ಲಿ ಟ್ರಂಕು ಜಾರಿ ಬಾಗಿಲಿಗೆ ಗುದ್ದಿತು, ಬಾಗಿಲು ಮೇಲಕ್ಕೆ ಹಾರಿತು, ಟ್ರಂಕಿನ ಹಿಂದೆಯೇ ನಾನೂ ರಸ್ತೆಗೆ. ಹಿಂದಿನಿಂದ ಬರುತ್ತಿದ್ದ ಲಾರಿಯವನು ಬ್ರೇಕ್ ಹಾಕಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಗದ್ದಕ್ಕೆ ನಾಲ್ಕು ಹೊಲಿಗೆ. ನೀನು ನಿನ್ನ ಸೊಂಟದ ಬೆಲ್ಟನ್ನೇ ಬಿಚ್ಚಿ ಬಾಗಿಲು ಕಟ್ಟಿದೆ. ಆಮೇಲೆ ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ವಾರ್ಡನ್ ಮುಂದೆ ನಿಂತೆ. ಅಳುತ್ತಿದ್ದವಳು ಅದನ್ನು ನೋಡಿ ನಕ್ಕುಬಿಟ್ಟೆ. ಹೊರಡುವಾಗ ಬಗ್ಗಿ ನನ್ನ ಕಿವಿಯಲ್ಲಿ, "ಅಮ್ಮಂಗೆ ಹೇಳ್ಬೇಡ ಪಿಳ್ಳೆ, ಹಾಸ್ಟೆಲ್ ಮೆಟ್ಟಿಲ ಮೇಲೆ ಬಿದ್ದೆ ಅನ್ನು. ಇದು ನಮ್ಮಿಬ್ಬರಲ್ಲೇ ಇರ್ಲಿ" ಅಂದೆ.

ಇತ್ತು ಅಪ್ಪಾ, ನಮ್ಮಿಬ್ಬರಲ್ಲೇ ಇತ್ತು. ಆದರೆ ಆ ಮೆಟ್ಟಿಲಿಗೆ ಏನಾಯಿತು ಗೊತ್ತೇ? ಅಮ್ಮ ವಾರ್ಡನ್‌ಗೆ ಮೂರು ಪುಟ ಬೈದು ಬರೆದಳು. ಆ ಪಾಪದ ಹೆಂಗಸು ಎಲ್ಲ ಮೆಟ್ಟಿಲಿಗೂ ರಬ್ಬರ್ ಪಟ್ಟಿ ಹೊಡೆಸಿ, ಪಕ್ಕಕ್ಕೆ ಹಗ್ಗ ಕಟ್ಟಿಸಿ, ಹತ್ತು ವರ್ಷ ದಿನಾ ಸಂಜೆ ಅಲ್ಲೇ ನಿಂತು "ಮೆಲ್ಲಗೆ, ಮೆಲ್ಲಗೆ" ಅನ್ನುತ್ತಿದ್ದರು. ಹುಡುಗಿಯರು ಅವನ್ನು ನನ್ನ ಹೆಸರಿನಿಂದಲೇ ಕರೆಯುತ್ತಿದ್ದರು. ನಾನು ಬೀಳದೇ ಇದ್ದ ಮೆಟ್ಟಿಲನ್ನು ಹತ್ತು ವರ್ಷ ತಲೆತಗ್ಗಿಸಿಕೊಂಡು ಹತ್ತಿ ಇಳಿದೆ.

ಈಗ ಭಯದ ಮಾತು. ಅವರ ಹಳೇ ಕಾರು ಸಂಘದಲ್ಲಿ ಒಂದು ಪದ್ಧತಿಯಿದೆ. ಕಾರು ಕೈ ಬದಲಾದಾಗ, ಕೊಟ್ಟವರು ಅದರ ಪುಸ್ತಕದ ಕೊನೆಯ ಪುಟದಲ್ಲಿ ಕಾರಿನ ಗುಟ್ಟುಗಳನ್ನು ಬರೆಯಬೇಕು, ನೋಡಿದರೆ ಗೊತ್ತಾಗದಂಥವು, ಬಾಳಿದವರಿಗೆ ಮಾತ್ರ ಗೊತ್ತಿರುವಂಥವು. ಮುಂದಿನ ಕೂಟದಲ್ಲಿ ಎಲ್ಲರ ಮುಂದೆ ಅದನ್ನು ಗಟ್ಟಿಯಾಗಿ ಓದುತ್ತಾರೆ, ಕೊಟ್ಟವರ ಮನೆಯವರೂ ಬರಬೇಕು. ನೀನು ರಿಪೇರಿಗಳನ್ನೆಲ್ಲ ಬರೆದಿಟ್ಟಿದ್ದ ನೀಲಿ ನೋಟ್‌ಬುಕ್ಕನ್ನು ಡಾಕ್ಟರು ನನ್ನ ಮುಂದಿಟ್ಟರು. ಹನ್ನೊಂದು ಗುಟ್ಟು ಬರೆದೆ. ಎಡಗಡೆಯ ಬಾಗಿಲನ್ನು ಕೊಂಚ ಎತ್ತಿ ಹಾಕಬೇಕು, ಹಾರ್ನ್ ಒತ್ತಿದರೆ ಒಮ್ಮೊಮ್ಮೆ ವೈಪರ್ ಏಳುತ್ತದೆ, ಚಳಿಗೆ ಸ್ಟಾರ್ಟ್ ಆಗದಿದ್ದರೆ ಬೈಯಬಾರದು, ಎರಡು ನಿಮಿಷ ಸುಮ್ಮನೆ ಕೂರಬೇಕು. ಗಡಿಯಾರದ ಅಂಕಲ್ ಇದನ್ನು ಓದಿ "ಇದು ಎಲ್ಲಾ ಹೆಂಗಸರಿಗೂ ಅನ್ವಯಿಸುತ್ತೆ" ಎಂದು ಹೆಂಡತಿಯಿಂದ ಗುದ್ದು ತಿಂದರು. ಹನ್ನೆರಡು ಎಂದು ಅಂಕೆ ಹಾಕಿದೆ. ಅಮ್ಮ ಭುಜದ ಮೇಲಿಂದ ಬಗ್ಗಿ ಓದುತ್ತಿದ್ದಳು. ಪೆನ್ನು ಮುಚ್ಚಿಟ್ಟೆ. "ಹನ್ನೆರಡು ಏನೂ ಇಲ್ವಾ ಮರೀ?" ಅಂದರು ಡಾಕ್ಟರು. ತಪ್ಪಿ ಹಾಕಿದೆ ಅಂದೆ.

ಅಷ್ಟರಲ್ಲಿ ಅವಳಿಗಳು ಹಿಂದಿನ ಪುಟ್ಟ ಸೀಟನ್ನು ಕಂಡುಹಿಡಿದು ಕಿರುಚಾಡುತ್ತಿದ್ದವು. "ನಾವಿಲ್ಲೇ! ನಾವಿಲ್ಲೇ ಕೂತ್ಕೊಳ್ಳೋದು!" ಅಮ್ಮ ಫೋನಿನಲ್ಲಿ ಹೇಳಿದಳು, ಈಗ ಅಂಕಲ್ ಕಾರ್ಬುರೇಟರ್ ಬಿಚ್ಚಿ ಹಾಕಿದ್ದಾರೆ, ಭಾನುವಾರದ ಕೂಟಕ್ಕೆ ಜೋಡಿಸಿ, ಮಕ್ಕಳನ್ನು ಆ ಸೀಟಿನಲ್ಲೇ ಕೂರಿಸಿಕೊಂಡು ಹೋಗುತ್ತಾರಂತೆ. ಅವರ ಊರಿನಿಂದ ಕೂಟದ ಜಾಗಕ್ಕೆ ಹೋಗುವ ದಾರಿಯೆಲ್ಲ ಏರು. ಹಿಂಬಾಗಿಲಿನ ಆ ಚಿಲಕ ಹತ್ತರಲ್ಲಿ ಒಂಬತ್ತು ಸಲ ನಿಲ್ಲುತ್ತದೆ, ನಿನಗೂ ಗೊತ್ತು. ಕ್ಲಾಸಿನಲ್ಲಿ ಕೂತರೆ ನನ್ನ ಕಣ್ಣ ಮುಂದೆ ಬರುವುದು ಆ ಹತ್ತನೆಯದೇ. ಎರಡು ದಿನದಿಂದ ಫೋನ್ ತೆಗೆದು ಅವರ ನಂಬರ್ ಒತ್ತಿ ಕಟ್ ಮಾಡುತ್ತಿದ್ದೇನೆ. ಹೇಳಿದರೆ ಯಾಕೆ ಮುಚ್ಚಿಟ್ಟೆ ಅಂತ ಕೇಳುತ್ತಾರೆ. ಅವರು ಕೇಳಿದರೆ ಅಮ್ಮ ಕೇಳುತ್ತಾಳೆ. ಅಮ್ಮ ನಿನ್ನನ್ನು ಕೇಳಿದರೆ ಏನಾಗುತ್ತದೋ ಅದು ನನಗೆ ಊಹೆಗೂ ಸಿಗುವುದಿಲ್ಲ. ಅವಳು ಜಗಳವಾಡಿದರೆ ಹೆದರುವುದಿಲ್ಲ. ಅವಳು ಸುಮ್ಮನಾದರೆ?

ನಾಳೆ ಬೆಳಿಗ್ಗೆ ಫೋನ್ ಮಾಡಿಯೇ ಮಾಡುತ್ತೇನೆ. ಪ್ರಾಮಿಸ್. ಈ ಪತ್ರವನ್ನು ನಿಮ್ಮ ಸೈಟಿನ ಟಪಾಲು ಜೀಪಿಗೆ ಸಿಗುವ ಹಾಗೆ ಹತ್ತು ಗಂಟೆಯೊಳಗೆ ಹಾಕುತ್ತೇನೆ, ಶುಕ್ರವಾರದೊಳಗೆ ನಿನ್ನ ಕೈ ಸೇರುತ್ತದೆ. ಬಿಸಿನೀರು ಕುಡಿ, ಮಫ್ಲರ್ ಹಾಕಿಕೋ, ಅಡುಗೆಯವರಿಗೆ ನಾನು ಕೇಳಿದೆ ಅಂತ ಹೇಳು. ಸುರಂಗದ ಆಚೆ ತುದಿಯ ಬೆಳಕು ಕಂಡ ದಿನ ನನಗೆ ಮೊದಲು ಬರೆಯಬೇಕು.

ನಿನ್ನ ಹಿಂದಿನ ಸೀಟಿನ ಮಗಳು,
ಪಿಳ್ಳೆ

ಮರೆತ ಮಾತು, ಬುಧವಾರ ಬೆಳಿಗ್ಗೆ, ಪೋಸ್ಟ್ ಆಫೀಸಿನ ಸಾಲಿನಲ್ಲಿ ನಿಂತು: ಫೋನ್ ಮಾಡಿದೆ. ಪೂರ್ತಿ ಹೇಳಿ ಮುಗಿಸುವ ಮೊದಲೇ ಡಾಕ್ಟರು, "ಗೊತ್ತು ಮರೀ" ಅಂದರು. ಕನ್ನಡಿಯಲ್ಲಿ ಆ ಕೊಕ್ಕೆ ನೋಡಿದ್ದರಂತೆ, ಬೆಲ್ಟಿನ ಅಗಲಕ್ಕೆ ಸರಿಯಾಗಿ ಬಣ್ಣ ಸವೆದಿತ್ತಂತೆ. "ಇಲ್ಲೇನು ಕಟ್ಟಿದ್ರು ಅಂತ ಕೇಳೋಣ ಅಂತ ತಿರುಗಿದೆ, ನಿನ್ನ ಕೈ ನಿನ್ನ ಗದ್ದದ ಹೊಲಿಗೆ ಗುರುತಿಗೆ ಹೋಯ್ತು. ದಿನಾ ಹತ್ತು ಗದ್ದ ನೋಡೋಳು ನಾನು. ಅಮ್ಮ ಪಕ್ಕದಲ್ಲಿದ್ರು, ಸುಮ್ಮನಾದೆ. ಹೊಸ ಚಿಲಕ ಸಂಘದವರ ಹತ್ರ ಸಿಕ್ತು, ಮಕ್ಕಳನ್ನ ಅದು ಕೂರೋತನಕ ಅಲ್ಲಿ ಕೂರಿಸಲ್ಲ. ನೀನು ಹೇಳ್ತೀಯೋ ಇಲ್ವೋ ಅಂತ ಮಾತ್ರ ಕಾಯ್ತಿದ್ದೆ." ಹನ್ನೆರಡನೇ ಸಾಲು ಖಾಲಿ ಇಟ್ಟಿದ್ದಾರೆ. ಭಾನುವಾರ ಓದುವ ಮೊದಲು ನಾನೇ ಬಂದು ಬರೆಯಬೇಕಂತೆ. ಬರೆಯುತ್ತೇನೆ ಅಂದುಬಿಟ್ಟೆ. ಅಮ್ಮ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ.

ಅದಕ್ಕೇ ಅಪ್ಪಾ, ಸೈಟ್ ಆಫೀಸಿನ ಫೋನಿನಿಂದ ನೀನೇ ಅಮ್ಮನಿಗೆ ಮೊದಲು ಹೇಳು. ನಿನಗೂ ನಾನು ಹೇಳದ ಒಂದು ವಿಷಯವಿದೆ. ನಾನು ಬಿದ್ದ ಕೂಡಲೇ ನೀನು ಓಡಿ ಬಂದೆ ಅಂದುಕೊಂಡಿದ್ದೀಯ. ಇಲ್ಲ. ನಾನು ರಸ್ತೆಯಲ್ಲಿ ಕೂತಿದ್ದೆ, ಕಾರು ಬಾಗಿಲು ತೆರೆದುಕೊಂಡೇ ತಿರುವಿನವರೆಗೂ ಹೋಯಿತು. ನನಗೆ ಕಿರುಚಲೂ ಆಗಲಿಲ್ಲ, ನೀನು ಒಂದು ಸಲ ತಿರುಗಿ ನೋಡುತ್ತೀಯ ಅಂತ ಕಾದೆ. ಅವತ್ತು ನೀನು ತಿರುಗಿ ನೋಡಿದೆ. ಈ ಸಲವೂ ಕಾಯುತ್ತೇನೆ, ಶನಿವಾರ ಸಂಜೆ ಆರರವರೆಗೆ. ಆಮೇಲೆ ನಾನೇ ಹೇಳುತ್ತೇನೆ. ಕೌಂಟರಿನವರು ಕೈ ಚಾಚಿದರು, ಅಂಟಿಸುತ್ತಿದ್ದೇನೆ.