ಸುಂಕ ಕಟ್ಟಿ ತಂದ ರೋಲು

ನಮಿತಾಳ ಅಪ್ಪಯ್ಯನಿಗೆ,

ಕ್ಯಾಮೆರಾ ಹುಡುಕಬೇಡಿ, ನನ್ನ ಚೀಲದಲ್ಲಿದೆ. ನಾನೂ ಮಗಳೂ ಹತ್ತೂವರೆ ಬಸ್ಸಿಗೆ ಶಿರಸಿಗೆ ಹೊರಟೆವು. ಅನ್ನ, ತಂಬುಳಿ ಮುಚ್ಚಿಟ್ಟಿದ್ದೇನೆ. ಹಾಲು ಮರೆಯದೆ ಕಾಯಿಸಿ.

ಮಸ್ಕತ್ತಿನಿಂದ ನನ್ನ ಅಣ್ಣ ತಂದ ಫಿಲ್ಮ್ ರೋಲನ್ನು ಫ್ರಿಜ್ಜಿನಲ್ಲಿ ದೋಸೆಹಿಟ್ಟಿನ ಹಿಂದೆ ಇಟ್ಟಿದ್ದಿರಲ್ಲ, ಅದರ ಅವಧಿ ಬರುವ ತಿಂಗಳು ಮುಗಿಯುತ್ತದೆ. ಎರಡು ವರ್ಷದಿಂದ ಮಗಳು ಫೋಟೋ ಕೇಳಿದಾಗಲೆಲ್ಲ ನಿಮ್ಮದು ಒಂದೇ ಮಾತು: “ಅದು ವಿಮಾನ ನಿಲ್ದಾಣದಲ್ಲಿ ಸುಂಕ ಕಟ್ಟಿ ತಂದ ರೋಲು, ಮಂಗಟ್ಟೆ ಹಕ್ಕಿಗೆ ಮಾತ್ರ.” ವಜ್ರಳ್ಳಿ ಕಾಡಿನ ಆ ಹಕ್ಕಿ ಇವತ್ತಿನವರೆಗೆ ನಿಮಗೆ ಬೆನ್ನನ್ನೂ ತೋರಿಸಿಲ್ಲ.

ನಿನ್ನೆ ಇವಳ ಮುಂದಿನ ಎರಡನೇ ಹಲ್ಲೂ ಬಿತ್ತು. ಇವತ್ತು ಬೆಳಿಗ್ಗೆ ನಾನೇ ರೋಲು ಹಾಕಿ ಅವಳನ್ನು ನಿಲ್ಲಿಸಿದರೆ, ನಗದೆ ಬಾಯಿ ಬಿಗಿಹಿಡಿದು ನಿಂತಳು. ಎಂತಕ್ಕೆ ಅಂದರೆ, “ಆಯಿ, ನೆಗ್ಯಾಡಿರೂ ಸುಂಕ ಬೀಳ್ತ?” ಅಂತ ಕೇಳಿದಳು!

ಇಲ್ಲ ಅಂದು ನಗಿಸಿ ಮೂವತ್ತಾರು ಫೋಟೋವನ್ನೂ ಅವಳದ್ದೇ ತೆಗೆದೆ, ಎಲ್ಲದರಲ್ಲೂ ಬೊಚ್ಚುಬಾಯಿ ನಗು. ಸ್ಟುಡಿಯೋದಲ್ಲಿ ರೋಲು ತೊಳೆಸಲು ಕೊಟ್ಟು ಸಂಜೆ ಬರುತ್ತೇವೆ.

ಸಿಟ್ಟು ಬಂದರೆ ಇನ್ನೊಂದು ಲೋಟ ತಂಬುಳಿ ಕುಡಿಯಿರಿ. ಮಂಗಟ್ಟೆಗೆ ಮುಂದಿನ ವರ್ಷವೂ ಅದೇ ಕೊಕ್ಕು ಇರುತ್ತದೆ. ಇವಳಿಗೆ ದೀಪಾವಳಿಯೊಳಗೆ ಹೊಸ ಹಲ್ಲು ಬಂದುಬಿಡುತ್ತದೆ.

ವಿನೋದಾ