ನೆಗ್ಗು ತೆಗೆದ ಕೊಡಗಳು

ಚನ್ನಗಿರಿ, ೨೬ ಮಾರ್ಚ್ ೧೯೪೩

ಬೆಳಿಗ್ಗೆಯಿಂದ ತಿದಿ ಊದಿದ್ದೇ ಊದಿದ್ದು. ಯುದ್ಧದ ಕಾಲ, ತವರ ಸಿಗುವುದೇ ಕಷ್ಟ. ಆದರೂ ಹಬ್ಬಕ್ಕೆಂದು ನಮ್ಮ ಗುಡಿಸಲು ಸಾಲಿನ ಕೊಡಗಳಿಗೆಲ್ಲ ಕಲಾಯಿ ಹಾಕಿ ಮುಗಿಸಿದೆ. ನೆಗ್ಗುಗಳನ್ನೂ ತೆಗೆದೆ — ಅದನ್ನು ಯಾರೂ ಕೇಳಿರಲಿಲ್ಲ. ಹುಣಸೆಹಣ್ಣು ಹಚ್ಚಿ ಬೆಳಗಿದ್ದು ಸೈದಾಬೀ. "ಕಣ್ಣು ಕುಕ್ತಾವೆ ನೋಡ್ರಿ," ಎಂದಳು. ಹೆಂಡತಿ ಬಾಯಲ್ಲಿ ಹೊಗಳಿಕೆ! ಹಿಗ್ಗಿ ಹೀರೇಕಾಯಿ ಆದೆ.

೨೭, ಸಂಜೆ

ಇಷ್ಟು ಮನೆಗೆ ಒಂದೇ ನಲ್ಲಿ. ಹಕ್ಕುಪತ್ರವಿಲ್ಲದ ಜಾಗ, ಕೊಟ್ಟದ್ದೇ ಹೆಚ್ಚು ಎನ್ನುತ್ತಾರೆ ಮುನ್ಸಿಪಾಲಿಟಿ ಮೆಂಬರ್. ನೀರಿಗಾಗಿ ಮತ್ತೆ ಜಗಳವಾದರೆ ನಲ್ಲಿಯನ್ನೇ ಕಿತ್ತುಹಾಕಿಸುವರಂತೆ. ನಾಳೆ ನೋಡಲು ಬರುತ್ತಾರೆ.

ನಮ್ಮ ಕಟ್ಟಳೆ — ಮೊದಲು ಗುಡಿಸಲು ಹಾಕಿದವರ ಕೊಡ ಮೊದಲು. ದ್ಯಾಮಮ್ಮನದು ಮುಂದೆ. ಹೊಸದಾಗಿ ಬಂದ ಓಬವ್ವನದು ಕೊನೆಗೆ. ಅವಳ ಸರದಿ ಬರುವಷ್ಟರಲ್ಲಿ ನೀರು ನಿಂತಿರುತ್ತದೆ. ಪಾಪ, ದಿನಾ ಕೆರೆಗೆ ಹೋಗುತ್ತಾಳೆ.

೨೮

ನನ್ನ ಬುದ್ಧಿಗಿಷ್ಟು! ಎಲ್ಲರದೂ ಒಂದೇ ಅಂಗಡಿಯ ತಾಮ್ರದ ಕೊಡ. ನೆಗ್ಗೇ ಗುರುತಾಗಿತ್ತು. ಬೆಳಿಗ್ಗೆ ಕೊಡಗಳನ್ನೆಲ್ಲ ನಲ್ಲಿ ಮುಂದೆ ತಂದಿಟ್ಟರೆ, ಯಾರದು ಯಾವುದೆಂದು ಯಾರಿಗೂ ತಿಳಿಯದು. ಮುಂದಿನ ಕೊಡ ತನ್ನದೆಂದು ನಾಲ್ವರು ಹಿಡಿದೆಳೆದರು. ದೂರದಲ್ಲಿ ಮೆಂಬರ್ ಛತ್ರಿ ಕಾಣಿಸಿತು.

"ಏನ್ ಮಾಡಿಟ್ರಿ ಸಾಬ್ರೆ! ನನ್ ಕೊಡ ಯಾವ್ದು?" ಎಂದಳು ದ್ಯಾಮಮ್ಮ.

"ನಂಗೂ ಗೊತ್ತಾಗ್ತಿಲ್ಲ ದ್ಯಾಮಕ್ಕ."

ಸೊಂಟಕ್ಕೆ ಕೈಯಿಟ್ಟು ಛತ್ರಿಯನ್ನೊಮ್ಮೆ ನೋಡಿದಳು, ಕೊಡಗಳನ್ನೊಮ್ಮೆ ನೋಡಿದಳು. "ಬಿಡ್ರೇ ಕೈ! ಎಲ್ಲಾದಕ್ಕೂ ಅರ್ಧರ್ಧ ಹಿಡೀರಿ. ಮುಗಿಯೋ ತನಕ ಯಾರೂ ಎತ್ತಬ್ಯಾಡ್ರಿ. ಆಮ್ಯಾಲೆ ಯಾವ್ದು ಎತ್ತಿದ್ರೂ ನೀರು ಅಷ್ಟೇ ಐತೆ."

ಹಾಗೇ ಹಿಡಿದರು. ಕೊನೆಯ ಕೊಡಕ್ಕೂ ನೀರು ಬಂತು. "ಭೇಷ್, ಶಿಸ್ತು ಕಲಿತಿದ್ದೀರಿ. ನಲ್ಲಿ ಇರಲಿ," ಎಂದು ಮೆಂಬರ್ ಹೊರಟರು. ನಗು ತಡೆಯಲು ಗಡ್ಡ ಕೆರೆದುಕೊಂಡೆ. ಓಬವ್ವ ಅರ್ಧ ಕೊಡ ಹೊತ್ತು, "ಇವತ್ತು ಕೆರಿಗೆ ಹೋಗೋದೇ ಬ್ಯಾಡಣ್ಣ," ಎಂದಳು.

೯ ಮೇ, ಮಧ್ಯಾಹ್ನ

ಅರ್ಧ ಕೊಡದ ಕಟ್ಟಳೆ ಇನ್ನೂ ನಡೆದಿದೆ. ಕೊಡ ಯಾರದೆಂಬ ಮಾತೇ ನಿಂತಿದೆ.

ಇಂದು ಒಂದು ಗಳಿಗೆ ಭಯವಾಯಿತು. ದ್ಯಾಮಮ್ಮನ ಕೈಯಲ್ಲಿದ್ದ ಕೊಡ ಕಲ್ಲಿಗೆ ಬಿದ್ದು ದೊಡ್ಡ ನೆಗ್ಗು. ಗುರುತು ಸಿಕ್ಕಿತಲ್ಲ, ಇನ್ನು ಹಳೇ ಸರದಿ ಕೇಳುತ್ತಾಳೆ ಎಂದುಕೊಂಡೆ. ನೇರ ಬಂದು ಕೊಡವನ್ನು ನನ್ನ ಮುಂದೆ ಕುಕ್ಕಿದಳು.

"ನೆಗ್ಗು ತೆಗೀರಿ ಸಾಬ್ರೆ. ಎಲ್ಲರ ಕೊಡದಂಗೆ ಇರ್ಲಿ."

ಎಷ್ಟು ಖುಷಿಯಾಯಿತೆಂದರೆ, ಊಟಕ್ಕೂ ಏಳದೆ ಕೂತಿದ್ದೇನೆ. ಕೊಡ ಇಲ್ಲೇ ಪಕ್ಕದಲ್ಲಿದೆ. ಸುತ್ತಿಗೆ ಎಲ್ಲಿಟ್ಟೆನೋ... ನಲ್ಲಿ ಬಂತಂತೆ, ಸೈದಾಬೀ ಕೂಗು—